ಭಾವನ ಎರಡನೆಯ ಅಪೆಂಡಿಕ್ಸ್

ಬಾಯಲ್ಲಿ ಮೊಳೆ ಇಟ್ಟುಕೊಂಡವನ ಹತ್ತಿರ ಯಾರೂ ಪ್ರಶ್ನೆ ಕೇಳಬಾರದು. ಸರ್ಕಾರ ಇದನ್ನೊಂದು ಕಾನೂನು ಮಾಡಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಆದರೆ ಸರ್ಕಾರ ಬೇರೆ ಕಾನೂನು ಮಾಡಿತು. ಉಸಿರಾಡುವ ಪ್ರತಿಯೊಬ್ಬನೂ ಆರೋಗ್ಯ ವಿಮೆ ಮಾಡಿಸಿರಬೇಕು, ಮಾಡಿಸದವನು ದಂಡ ಕಟ್ಟಬೇಕು, ಮಾಡಿಸಿದವನ ಕಂತಿನಲ್ಲಿ ಒಂದು ಪಾಲು ತೆಗೆದು ಮಾಡಿಸದವನ ಚಿಕಿತ್ಸೆಗೆ ಇಡಬೇಕು ಎಂದು. ಮಾಡಿಸಿದವರಿಗೂ ಸಿಟ್ಟು, ಮಾಡಿಸದವರಿಗೂ ಸಿಟ್ಟು. ಎಲ್ಲರಿಗೂ ಸಮನಾಗಿ ಸಿಟ್ಟು ತರಿಸಿದ ಕಾನೂನು ನ್ಯಾಯವಾಗಿಯೇ ಇರಬೇಕು ಎಂದು ಸರ್ಕಾರ ನೆಮ್ಮದಿಯಾಗಿತ್ತು.

ನಮ್ಮ ಮನುಷ್ಯ ಸೋಫಾ ರಿಪೇರಿ ಮಾಡುವವನು. ಬೀದಿಗೆ ಬಾಗಿಲಿದ್ದ ಒಂದು ಕೋಣೆ. ಮುಂದಿನ ಅರ್ಧ ಅಂಗಡಿ, ಹಿಂದಿನ ಅರ್ಧ ಮನೆ. ಮದುವೆಯಾಗಿರಲಿಲ್ಲ. ಹೊಟ್ಟೆ ಬಗೆದ ಸೋಫಾಗಳ ನಡುವೆ ಸ್ಪ್ರಿಂಗು, ಸ್ಪಂಜು, ರೆಕ್ಸಿನ್ ಚೂರುಗಳಲ್ಲಿ ಅವನ ಸಂಸಾರ. ಆ ಕೆಲಸದಲ್ಲಿ ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೇ ಬಾಯಿ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಸುತ್ತಿಗೆಯ ಅಯಸ್ಕಾಂತದ ತುದಿಗೆ ಅಂಟಿಸಿ ಟಪ್ಪೆಂದು ಹೊಡೆಯುತ್ತಿದ್ದ. ಬೀದಿಯವರು ಅವನನ್ನು ಹಿಂದಿನಿಂದ ಮೊಳೆಬಾಯಿ ಎಂದೂ ಎದುರಿಗೆ ಮೊಳೆಯಣ್ಣ ಎಂದೂ ಕರೆಯುತ್ತಿದ್ದರು.

ಬಾಯಲ್ಲಿ ಮೊಳೆ ಇದ್ದಾಗ 'ಹ್ಞೂಂ' ಅನ್ನಬಹುದು. 'ಊಹೂಂ' ಅನ್ನಲಾಗುವುದಿಲ್ಲ. ಊಹೂಂ ಅಂದರೆ ತಲೆ ತಾನಾಗಿ ಅಲ್ಲಾಡುತ್ತದೆ, ತಲೆ ಅಲ್ಲಾಡಿದರೆ ಮೊಳೆ ಅಲ್ಲಾಡುತ್ತದೆ, ಮೊಳೆ ಅಲ್ಲಾಡಿದರೆ ಗಂಟಲಿನ ದಾರಿ ಹಿಡಿಯುತ್ತದೆ. ಆದ್ದರಿಂದ ಮೊಳೆಯಣ್ಣ ಲೋಕದ ಎಲ್ಲ ಪ್ರಶ್ನೆಗಳಿಗೂ ಹ್ಞೂಂ ಎಂದೇ ಉತ್ತರಿಸುತ್ತ ಬಂದಿದ್ದ. ಬಹಳ ಒಳ್ಳೆಯವನು ಎಂಬ ಹೆಸರು ಬಂದದ್ದು ಹೀಗೆ.

ವಿಮೆ ಇನ್‌ಸ್ಪೆಕ್ಟರು ಬಾಗಿಲಿಗೆ ಬಂದಾಗ ಅವನು ಒಂದು ಕುರ್ಚಿಯ ಬೆನ್ನಿಗೆ ರೆಕ್ಸಿನ್ ಎಳೆದು ಕಟ್ಟುತ್ತಿದ್ದ.

"ಇನ್ಶೂರೆನ್ಸ್ ಮಾಡಿಸಿದ್ದೀರಾ?"

"ಹ್ಞೂಂ."

"ನಿಮ್ಮ ಹೆಸರಲ್ಲೇ ಇದೆಯಾ?"

"ಹ್ಞೂಂ."

"ಕಂತು ಸರಿಯಾಗಿ ಕಟ್ತಿದ್ದೀರಾ?"

"ಹ್ಞೂಂ."

"ನಿಮ್ಮಂಥವರು ಎಲ್ಲಾ ಕಡೆ ಇದ್ದಿದ್ರೆ ನಮಗೆ ಈ ಅಲೆದಾಟಾನೇ ಇರ್ತಿರ್ಲಿಲ್ಲ ನೋಡಿ," ಎಂದು ಇನ್‌ಸ್ಪೆಕ್ಟರು ಬಾಗಿಲಿನ ಮೇಲೆ ಅಂಗೈಯಗಲದ ಹಸಿರು ಸ್ಟಿಕ್ಕರು ಅಂಟಿಸಿ, ಮುಷ್ಟಿಯಿಂದ ಎರಡು ಗುದ್ದು ಗುದ್ದಿ ಮುಂದೆ ಹೋದರು. ಇವನು ಹಿಡಿದ ರೆಕ್ಸಿನ್ ಬಿಟ್ಟು, ಮೊಳೆಗಳನ್ನು ಅಂಗೈಗೆ ಉಗುಳಿ, "ಸಾರ್, ಇಲ್ಲ ಸಾರ್" ಎನ್ನುವಷ್ಟರಲ್ಲಿ ಅವರು ಬೀದಿಯ ತುದಿಯ ಬೇಕರಿಯವನ ಬಾಗಿಲಿಗೆ ಕೆಂಪು ಸ್ಟಿಕ್ಕರು ಅಂಟಿಸಿ ಬೈಸಿಕೊಳ್ಳುತ್ತಿದ್ದರು. ಕೆಂಪು ಅಂದರೆ ಇಲ್ಲದವರು. ದಂಡದವರು.

ಓಡಿಹೋಗಿ ಹೇಳಬಹುದಿತ್ತು. ಅಷ್ಟರಲ್ಲಿ ಪಕ್ಕದ ಲಾಂಡ್ರಿಯಮ್ಮ ಹೊರಗೆ ಬಂದು ಸ್ಟಿಕ್ಕರನ್ನು ನೋಡಿದಳು. ಅವಳ ಬಾಗಿಲ ಮೇಲೂ ಹಸಿರೇ ಇತ್ತು. ಇಡೀ ಬೀದಿಯ ಬಟ್ಟೆ ಇಸ್ತ್ರಿ ಮಾಡಿ ಬೆವರಿ ಮಾಡಿಸಿದ್ದು.

"ಅಯ್ಯೋ ಮೊಳೆಯಣ್ಣ! ನೀವೂ ಮಾಡ್ಸಿದ್ದೀರಾ? ನೋಡಿದ್ರೆ ಹೀಗಿದ್ದೀರಿ!"

"ಹ್ಞೂಂ," ಎಂದ ಅವನು.

ಈ ಸಲ ಬಾಯಲ್ಲಿ ಮೊಳೆ ಇರಲಿಲ್ಲ. ಓದುವವರು ಇದನ್ನು ಗಮನಿಸಬೇಕು.

ಮನುಷ್ಯನಿಗೆ ಮರ್ಯಾದೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ಹೇಳಲಾಗದು. ಇವನಿಗೆ ಅಂಗಡಿ ಬಾಗಿಲಿನಿಂದಲೇ ಬಂತು. ಬೇಕರಿ ಮುಂದಿನ ಬೆಂಚಿನಲ್ಲಿ ಸಂಜೆ ಹೊತ್ತು ಹಸಿರಿನವರು ಒಂದು ತುದಿ, ಕೆಂಪಿನವರು ಇನ್ನೊಂದು ತುದಿ. ಇವನಿಗೆ ಹಸಿರಿನ ತುದಿಯಲ್ಲಿ ಜಾಗ ಬಿಟ್ಟುಕೊಟ್ಟರು. "ನಾವು ಕಟ್ಟೋದು, ಅವರು ಮಲಗೋದು," ಎಂದು ಹಸಿರಿನವರು ಅನ್ನುವರು. "ಹೊಟ್ಟೆಗೇ ಇಲ್ಲ, ಕಾಯಿಲೆಗೆ ಮುಂಗಡ ಎಲ್ಲಿಂದ ಕಟ್ಟೋದು?" ಎಂದು ಕೆಂಪಿನವರು ಅನ್ನುವರು. "ಏನಂತೀರಿ ಮೊಳೆಯಣ್ಣ?" ಎಂದು ಇಬ್ಬರೂ ಕೇಳುವರು. ಇವನು ಇಬ್ಬರಿಗೂ ಹ್ಞೂಂ ಎಂದು, ಅಡ್ಡಗೋಡೆಯ ಮೇಲೆ ದೀಪ ಇಟ್ಟು ಏಳುತ್ತಿದ್ದ.

ಒಂದು ಮಧ್ಯಾಹ್ನ ಅದೇ ಮೊಳೆಯಣ್ಣ ಅರ್ಧ ಹೊಲಿದ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಎರಡು ಮಡಿಕೆಯಾದ. ಲಾಂಡ್ರಿಯಮ್ಮ ಓಡಿಬಂದು ನೋಡಿ, ನೆಲದ ಮೇಲೆ ಚೆಲ್ಲಿದ್ದ ಮೊಳೆಗಳನ್ನು ಕಂಡು ಎದೆ ಬಡಿದುಕೊಂಡಳು.

"ಮೊಳೆ ನುಂಗ್‌ಬಿಟ್ರು! ಎಲ್ರೂ ಬನ್ರೋ, ಮೊಳೆಯಣ್ಣ ಮೊಳೆ ನುಂಗ್‌ಬಿಟ್ರು!"

ಬೀದಿಯೇ ನೆರೆಯಿತು. ಬೇಕರಿಯವನು ಸುತ್ತಿಗೆ ಎತ್ತಿಕೊಂಡು ಅದರ ಅಯಸ್ಕಾಂತದ ತುದಿಯನ್ನು ಇವನ ಹೊಟ್ಟೆಯ ಮೇಲೆ ಮೇಲಿನಿಂದ ಕೆಳಗೆ ಉಜ್ಜಿದ. "ಬರ್ತಾ ಇದೆ, ಬರ್ತಾ ಇದೆ," ಎಂದು ಪಕ್ಕದವನು ಧೈರ್ಯ ಹೇಳಿದ. ಏನೂ ಬರಲಿಲ್ಲ. ಮೊಳೆಯಣ್ಣನ ಕಣ್ಣಲ್ಲಿ ನೀರು ಮಾತ್ರ ಬಂತು.

"ದೊಡ್ಡಾಸ್ಪತ್ರೆಗೆ..." ಎಂದು ಅವನು ನರಳಿದ.

"ಥೂ! ಅದು ಇಲ್ಲದವರು ಹೋಗೋ ಜಾಗ," ಎಂದಳು ಲಾಂಡ್ರಿಯಮ್ಮ. "ಹಸಿರು ಸ್ಟಿಕ್ಕರಿನ ಮನುಷ್ಯನ್ನ ದೊಡ್ಡಾಸ್ಪತ್ರೆ ನೆಲದ ಮೇಲೆ ಮಲಗಿಸಿದ್ರೆ ನಮ್ಮ ಬೀದಿ ಮಾನ ಏನಾಗ್ಬೇಕು? ನಡೀರಿ ಗಾಜಿನ ಆಸ್ಪತ್ರೆಗೆ!"

ಊರಿನಲ್ಲಿ ಎರಡು ಆಸ್ಪತ್ರೆ. ಗಾಜಿನದು ವಿಮೆ ಇದ್ದವರಿಗೆ; ಗೋಡೆಯೆಲ್ಲ ಗಾಜು, ಒಳಗೆ ತಂಪು. ದೊಡ್ಡಾಸ್ಪತ್ರೆಗೆ ಯಾರಾದರೂ ಹೋಗಬಹುದು. ಅದಕ್ಕೇ ಅಲ್ಲಿ ಯಾರಿಗೂ ಜಾಗವಿಲ್ಲ; ಇರುವ ಹಾಸಿಗೆ ವಿಮೆ ಇಲ್ಲದವರಿಗೆ ಮೀಸಲು. ಮೊಳೆಯಣ್ಣನನ್ನು ಗಾಜಿನ ಬಾಗಿಲಿನೊಳಗೆ ಹೊತ್ತು ಹಾಕಿದ ಬೀದಿ, ಕರ್ತವ್ಯ ಮುಗಿಸಿ, ತಂಪಿನಲ್ಲಿ ಸ್ವಲ್ಪ ಹೊತ್ತು ಕೂತು, ಮನೆಗೆ ಹೋಯಿತು. ಕೌಂಟರಿನ ಹುಡುಗಿ ಕಾರ್ಡು ಕೇಳಿದಳು. ಆ ಹೊತ್ತಿಗೆ ಸುದ್ದಿ ಮುಟ್ಟಿ ಅವನ ಅಕ್ಕ ಓಡಿಬಂದಿದ್ದಳು. ಹಿಂದೆ ಭಾವ.

ಭಾವನ ವಿಷಯ ಹೇಳಬೇಕು. ಭಾವ ನೀರಿನ ಕಛೇರಿಯಲ್ಲಿ ಹೆಡ್ ಕ್ಲರ್ಕು. ವಿಮೆಯ ಕಂತು ಸಂಬಳ ಕೈಗೆ ಬರುವ ಮೊದಲೇ ಕಡಿತವಾಗುತ್ತಿತ್ತು. ಕಣ್ಣಿಗೆ ಬೀಳದೆ ಹೋದ ದುಡ್ಡಿನ ನೋವು ಕೈಯಿಂದ ಕೊಟ್ಟ ದುಡ್ಡಿನ ನೋವಿಗಿಂತ ಹೆಚ್ಚು. "ವರ್ಷಾನುಗಟ್ಟಲೆ ಕಟ್ಟಿದೀನಿ. ಒಂದು ಸೀನೂ ಸೀನಿಲ್ಲ. ನನ್ನ ದುಡ್ಡಲ್ಲಿ ಯಾರ್ಯಾರೋ ಕರುಳು ಕೊಯ್ಸಿಕೊಳ್ತಿದ್ದಾರೆ!" ಎಂದು ಊಟಕ್ಕೆ ಕೂತಾಗಲೆಲ್ಲ ಗೊಣಗುವುದು ಅವನ ಕ್ರಮ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮೊಳೆಯಲ್ಲ, ಅಪೆಂಡಿಕ್ಸ್, ತಕ್ಷಣ ತೆಗೆಯಬೇಕು ಎಂದರು. ಮೊಳೆಯಣ್ಣ ಅಕ್ಕನ ಕಿವಿಯಲ್ಲಿ ಹಸಿರು ಸ್ಟಿಕ್ಕರಿನ ನಿಜ ಹೇಳಿದ. ಅಕ್ಕ ಗಂಡನ ಕಡೆ ತಿರುಗಿ ಕೈ ಚಾಚಿದಳು.

"ರೀ, ನಿಮ್ಮ ಕಾರ್ಡ್ ಕೊಡಿ."

"ಯಾಕೆ?"

"ನೀವೇ ದಿನಾ ಹೇಳ್ತೀರಲ್ಲ, ಕಟ್ಟಿದ್ದೇ ಬಂತು, ಒಂದು ಸಲಾನೂ ಉಪಯೋಗಕ್ಕೆ ಬರಲಿಲ್ಲ ಅಂತ. ಈಗ ಬಂತು."

"ಲೇ, ಅಪೆಂಡಿಕ್ಸ್ ಅವನದು, ಕಾರ್ಡ್ ನಂದು!"

"ಯಾರ್ಯಾರೋ ಕೊಯ್ಸಿಕೊಳ್ಳೋ ಬದಲು ನಮ್ಮೋನೇ ಕೊಯ್ಸಿಕೊಳ್ಳಲಿ. ದುಡ್ಡು ಮನೇಲೇ ಉಳಿದ ಹಾಗಾಗುತ್ತೆ."

ಭಾವನಿಗೆ ಈ ಲೆಕ್ಕ ಹಿಡಿಸಿತು. ಹಿಡಿಸಬಾರದಿತ್ತು, ಹಿಡಿಸಿತು. ಕಾರ್ಡಿನ ಫೋಟೋ ಎಷ್ಟು ಕಪ್ಪಾಗಿ ಬಂದಿತ್ತೆಂದರೆ ಅದರಲ್ಲಿರುವುದು ಮನುಷ್ಯ ಎಂಬುದು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಮೊಳೆಯಣ್ಣನೂ ಮನುಷ್ಯನೇ ಆದ್ದರಿಂದ ತೊಂದರೆಯಾಗಲಿಲ್ಲ.

ಗಾಜಿನ ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಅವನು ಭಾವನಾಗಿದ್ದ. ನೀರಿನ ಕಛೇರಿ ಸಾರ್ ಎಂದು ನರ್ಸುಗಳು ಮುತ್ತಿಕೊಂಡರು. "ಸಾರ್, ನಮ್ಮ ಮನೆ ನಲ್ಲೀಲಿ ಗಾಳಿ ಮಾತ್ರ ಬರುತ್ತೆ, ಸ್ವಲ್ಪ ನೋಡ್ತೀರಾ?" "ಹ್ಞೂಂ." "ನಮ್ಮ ಬೀದಿಗೆ ಬೆಳಿಗ್ಗೆ ಬಿಡಿಸಿಕೊಡ್ತೀರಾ ಸಾರ್?" "ಹ್ಞೂಂ." ಅರ್ಧ ಊರಿಗೆ ಅವನು ಮಲಗಿದಲ್ಲಿಂದಲೇ ನೀರು ಬಿಟ್ಟ. ಮೆತ್ತನೆಯ ಹಾಸಿಗೆಯಲ್ಲಿ ಎರಡು ದಿನ ಮಲಗಿದ ಮೇಲೆ, ಪಕ್ಕದ ಮಂಚದವನು ಇಲ್ಲದವರನ್ನು ಬಯ್ಯುತ್ತಿದ್ದಾಗ, ನಮ್ಮವನ ಬಾಯಿಂದಲೂ ಮಾತು ಬಂತು: "ಹೌದು ಸಾರ್. ನಾವು ಕಟ್ಟೋದು, ಅವರು ಮಲಗೋದು." ಹೇಳಿದ ಮೇಲೆ ಅವನಿಗೆ ಹೊಲಿಗೆ ಸ್ವಲ್ಪ ನೋಯಿತು. ನಗಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಇತ್ತ ನಿಜವಾದ ಭಾವ ರಜೆ ಹಾಕಿ ಮನೆಯಲ್ಲಿ ಅಡಗಿ ಕೂತಿದ್ದ. ಆಪರೇಷನ್ ಆದವನು ಕಛೇರಿಗೆ ಹೋಗುವುದು ಹೇಗೆ? ಕಛೇರಿಯವರು ಹಣ್ಣು ಹಿಡಿದುಕೊಂಡು ನೋಡಲು ಬಂದರು. ಭಾವ ಕಂಬಳಿ ಹೊದ್ದು ನರಳಿದ. ಮೊದಲ ಗುಂಪಿಗೆ ನಾಚಿಕೆಯಿಂದ ನರಳಿದ, ಎರಡನೆಯ ಗುಂಪಿಗೆ ಲಯವಾಗಿ ನರಳಿದ, ಮೂರನೆಯ ಗುಂಪಿಗೆ ಕಥೆ ಹೇಳಿದ. "ಇನ್ನೊಂದು ಗಂಟೆ ತಡವಾಗಿದ್ರೆ ನಾನು ನಿಮ್ಮ ಜೊತೆ ಹೀಗೆ ಮಾತಾಡ್ತಿರ್ಲಿಲ್ಲ. ಡಾಕ್ಟ್ರೇ ಬೆಚ್ಚಿಬಿದ್ರು, ಇಷ್ಟು ದೊಡ್ಡ ಅಪೆಂಡಿಕ್ಸ್ ನೋಡೇ ಇಲ್ಲ ಅಂತ!" ಕಛೇರಿಗೆ ಮರಳಿದ ಮೇಲೂ ಮೆಟ್ಟಿಲು ಹತ್ತುವಾಗ ಹೊಟ್ಟೆಯ ಬಲಗಡೆ ಕೈಯಿಟ್ಟುಕೊಂಡು ಹತ್ತುವನು. ಭಾರದ ಫೈಲು ಎತ್ತಲಾರೆ ಎನ್ನುವನು. ಹೇಳಿ ಹೇಳಿ, ಕೊನೆಗೆ ತನ್ನ ಹೊಟ್ಟೆಯಲ್ಲಿ ಅಪೆಂಡಿಕ್ಸ್ ಇಲ್ಲವೆಂದು ಅವನೇ ನಂಬಿಬಿಟ್ಟ. ಸುಳ್ಳು ಹೇಳುವವರಿಗೆ ಇರಬೇಕಾದ ಜ್ಞಾಪಕಶಕ್ತಿ ಪಾಪ ಅವನಿಗೆ ಇರಲಿಲ್ಲ.

ಮುಂದಿನ ವರ್ಷ ಭಾವನಿಗೆ ಹೊಟ್ಟೆನೋವು ಬಂತು. ಬಲಗಡೆಯೇ.

"ಗ್ಯಾಸು," ಎಂದ ಭಾವ. ಬಿಸಿನೀರು ಕುಡಿದ. ಮಾರನೆಯ ದಿನ, "ಹಳೇ ಹೊಲಿಗೆ ಎಳೀತಿದೆ," ಎಂದ. ಅದರ ಮಾರನೆಯ ದಿನ ಎದ್ದು ಕೂರಲಾಗಲಿಲ್ಲ. ಅಕ್ಕ ತಮ್ಮನಿಗೆ ಹೇಳಿಕಳಿಸಿದಳು.

"ಭಾವ, ಇದು ನನಗೆ ಬಂದಿತ್ತಲ್ಲ, ಅದೇ ಥರ ಇದೆ," ಎಂದ ಮೊಳೆಯಣ್ಣ. "ಅಪೆಂಡಿಕ್ಸ್ ಇರ್ಬೇಕು."

"ತಲೆ ಇದೆಯೇನೋ ನಿನಗೆ? ನನ್ನ ಅಪೆಂಡಿಕ್ಸ್ ಹೋದ ವರ್ಷಾನೇ ತೆಗೆಸಿ ಆಗಿದೆ!"

"ರೀ," ಎಂದಳು ಅಕ್ಕ, ಮೆಲ್ಲಗೆ. "ತೆಗೆದದ್ದು ನಿಮ್ಮದಲ್ಲ. ಇವನದು."

"ಓ," ಎಂದ ಭಾವ. ಅಷ್ಟು ಸಣ್ಣ ಅಕ್ಷರದಲ್ಲಿ ಅಷ್ಟು ದೊಡ್ಡ ಭಯವನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಗಾಜಿನ ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡನ್ನು ಯಂತ್ರಕ್ಕೆ ತೋರಿಸಿ ನಕ್ಕಳು. "ಬನ್ನಿ ಸಾರ್, ಹಳಬರು. ಏನು ತೊಂದರೆ?"

"ಅಪೆಂಡಿಕ್ಸ್."

"ಅದು ತೆಗೆದಾಯ್ತಲ್ಲ ಸಾರ್."

"ಇನ್ನೊಂದು," ಎಂದುಬಿಟ್ಟ ಮೊಳೆಯಣ್ಣ.

ಒಳಗಿದ್ದ ಹೊಸ ಡಾಕ್ಟರು ಹೊಟ್ಟೆ ನೋಡಿದರು. ಮೊದಲು ಮೆಚ್ಚಿಕೊಂಡರು. "ಏನು ಕೈಚಳಕ! ಆಪರೇಷನ್ ಆದ ಗುರುತೇ ಇಲ್ಲ. ಯಾರು ಮಾಡಿದ್ದು?" ಸ್ಕ್ಯಾನ್ ಮಾಡಿಸಿದರು. ಅಪೆಂಡಿಕ್ಸ್ ಊದಿಕೊಂಡು ಕೂತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ; ಇಲ್ಲಿ ಕನ್ನಡಿಯಲ್ಲೂ ಹುಣ್ಣು ಕಂಡಿತು, ಆದರೆ ಅಂಗೈಯೇ ಇಲ್ಲವೆಂದು ವಿಮೆ ಕಂಪನಿ ಹೇಳಿತು. ಡಾಕ್ಟರು ಫೋನಿನಲ್ಲಿ ವಿಮೆ ಕಂಪನಿಯವರ ಜೊತೆ ಜಗಳಕ್ಕೆ ನಿಂತರು.

"ಕಣ್ಣಾರೆ ನೋಡ್ತಿದ್ದೀನಿ ಸ್ವಾಮಿ, ಇದೆ!... ಒಬ್ಬರಿಗೆ ಒಂದೇ ಅಂತ ನನಗೂ ಗೊತ್ತು, ನಾನೂ ಓದಿದ್ದೀನಿ... ಏನು? ಪಿತ್ತಕೋಶ ಆದ್ರೆ ಕೊಡ್ತೀರಾ? ಅದಕ್ಕೇನಾಗಿದೆ, ಅದು ಚೆನ್ನಾಗಿದೆ!" ಫೋನನ್ನು ಕೈಯಿಂದ ಮುಚ್ಚಿ ಇವರ ಕಡೆ ತಿರುಗಿದರು. "ಪಿತ್ತಕೋಶ ತೆಗೆಸ್ಕೊಳ್ತೀರಾ? ಅದು ಕವರ್ ಆಗುತ್ತಂತೆ."

"ಬೇಡ," ಎಂದ ಭಾವ.

"ಹಾಗಾದ್ರೆ ಕಂಪನಿಯಿಂದ ವಿಚಾರಣೆಗೆ ಬರ್ತಾರಂತೆ. ವಾರ ಹಿಡಿಯುತ್ತೆ. ಕಾರ್ಡ್ ಇರೋರ ಹತ್ತಿರ ನಾವು ಕೈದುಡ್ಡು ತಗೊಳ್ಳೋ ಹಾಗಿಲ್ಲ, ಕಾನೂನು. ಆದ್ರೆ..." ಡಾಕ್ಟರು ಹೊಟ್ಟೆಯನ್ನು ಇನ್ನೊಮ್ಮೆ ನೋಡಿದರು. "ವಾರ ಕಾಯೋ ಹಾಗಿಲ್ಲ. ಇವತ್ತೇ ಆಗ್ಬೇಕು. ನಿಮಗೆ ಇನ್ಶೂರೆನ್ಸೇ ಇಲ್ಲದೆ ಇದ್ದಿದ್ರೆ ದೊಡ್ಡಾಸ್ಪತ್ರೇಲಿ ಈಗಲೇ ತಗೊಳ್ತಿದ್ರು."

ಹೊರಗಿನ ಮೆಟ್ಟಿಲ ಮೇಲೆ ಮೂವರೂ ಕೂತರು. ನಿಜ ಹೇಳಿದರೆ ಇಬ್ಬರಿಗೂ ಜೈಲು, ಭಾವನಿಗೆ ಕೆಲಸವೂ ಇಲ್ಲ. ಹೇಳದಿದ್ದರೆ ಭಾವನೇ ಇಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ಹೊಟ್ಟೆ.

"ಮೊಳೆ," ಎಂದ ಭಾವ, "ನಿನಗೆ ಇನ್ಶೂರೆನ್ಸ್ ಇಲ್ಲ ಅಲ್ವಾ?"

"ಇಲ್ಲ ಭಾವ."

"ಹಾಗಾದ್ರೆ ನಾನು ನೀನಾಗ್ತೀನಿ. ಇಸ್ಕೊಂಡದ್ದು ಕೊಡು." ಇವನ ಗುರುತಿನ ಚೀಟಿ ತೆಗೆದುಕೊಂಡು, ತನ್ನ ಕಾರ್ಡನ್ನು ಇವನ ಜೇಬಿಗೆ ಹಾಕಿದ. "ಇನ್ಮೇಲೆ ನೀನು ನೀರಿನ ಕಛೇರಿ."

ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ ಕೂತಿದ್ದವನು ಒಳ್ಳೆಯ ಮನುಷ್ಯ. ನಡುವಯಸ್ಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಚೀಲ. ಭಾವನನ್ನು ನೋಡಿ ಮರುಗಿದ. ಹೆಸರು ಬರೆದುಕೊಂಡ. ರೋಗಿ: ಸೋಫಾ ರಿಪೇರಿ ಕೆಲಸ, ಮದುವೆಯಾಗಿಲ್ಲ. ಜೊತೆಗೆ ಬಂದವರು: ಅಕ್ಕ, ಅಕ್ಕನ ಗಂಡ. ಇಲ್ಲದವರಿಗೆ ಇದ್ದವರೊಬ್ಬರ ಜಾಮೀನು ಬೇಕಿತ್ತು. ಮೊಳೆಯಣ್ಣ ಭಾವನ ಕಾರ್ಡು ತೋರಿಸಿ ಭಾವನಾಗಿ ಸಹಿ ಮಾಡಿದ. ಎಲ್ಲ ಸರಿಯಾಯಿತು ಎನ್ನುವಾಗ ಕೌಂಟರಿನವನು ಪರದೆಯ ಹತ್ತಿರ ಬಗ್ಗಿದ.

"ಇವರಿಗೆ ಇನ್ಶೂರೆನ್ಸ್ ಇದೆಯಲ್ಲ! ಇನ್‌ಸ್ಪೆಕ್ಟರು ಹಸಿರು ಹಾಕಿದ್ದಾರೆ."

"ಇಲ್ಲ ಸಾರ್, ಅದು ಸುಮ್ನೆ... ಬಾಯಲ್ಲಿ ಮೊಳೆ ಇತ್ತು..."

"ಯಾರ ಬಾಯಲ್ಲಿ?"

"ನನ್ನ... ಅವರ ಬಾಯಲ್ಲಿ."

"ಇರೋರನ್ನ ಇಲ್ಲದವರ ಹಾಸಿಗೆಗೆ ಹಾಕಿದ್ರೆ ನನ್ನ ಕೆಲಸ ಹೋಗುತ್ತೆ ಸಾರ್. ಒಂದು ಕೆಲಸ ಮಾಡಿ. ಆ ಸ್ಟಿಕ್ಕರ್ ಕಿತ್ಕೊಂಡು ಬನ್ನಿ. ಇಲ್ಲೇ ರದ್ದು ಮಾಡಿಕೊಡ್ತೀನಿ. ಅಲ್ಲೀವರೆಗೂ ಕಾರಿಡಾರಿನಲ್ಲಿ ಮಲಗಿರಲಿ."

ಮೊಳೆಯಣ್ಣ ಓಡಿದ. ತನ್ನ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಕೆರೆದ. ಮೊಳೆ ಕೀಳುವ ಇಕ್ಕಳದಿಂದ ಕೆರೆದ. ಸರ್ಕಾರ ಮಾಡಿದ ಅಷ್ಟೂ ವಸ್ತುಗಳಲ್ಲಿ ಗಟ್ಟಿಯಾದದ್ದು ಆ ಅಂಟೊಂದೇ. ಲಾಂಡ್ರಿಯಮ್ಮ ಬಂದಳು. ಬೇಕರಿಯವನು ಬಂದ. ಬೆಂಚಿನ ಎರಡೂ ತುದಿಯವರು ಬಂದರು.

"ಯಾಕಣ್ಣ ಕೀಳ್ತಿದ್ದೀರಿ?"

"ನನಗೆ ಇನ್ಶೂರೆನ್ಸ್ ಇಲ್ಲಮ್ಮ. ಯಾವತ್ತೂ ಇರ್ಲಿಲ್ಲ."

"ಏನು! ಮತ್ತೆ ಗಾಜಿನ ಆಸ್ಪತ್ರೇಲಿ ಹೊಟ್ಟೆ ಕೊಯ್ಸಿಕೊಂಡು ಬಂದ್ರಲ್ಲ, ಅದಕ್ಕೆ ಕಟ್ಟಿದ್ದು ಯಾರು?"

"ನಾವೇ!" ಎಂದು ಕೂಗಿದ ಹಸಿರಿನವನೊಬ್ಬ. "ಇನ್ಯಾರು ಕಟ್ತಾರೆ? ನಾವೇ ಕಟ್ಟಿದ್ದು!"

"ಕಟ್ಟಿದ್ರೆ ಏನೀಗ? ಮನುಷ್ಯ ಬದುಕಿದಾನಲ್ಲ!" ಎಂದ ಬೇಕರಿಯವನು. "ಅಲ್ಲ, ನನ್ನ ಪಕ್ಕ ಕೂರೋದು ಬಿಟ್ಟು ಆ ತುದೀಲಿ ಹೋಗಿ ಕೂತ್ಕೊಳ್ತಿದ್ದೆಯಲ್ಲ ಮಾರಾಯ, ನಿನಗೆ ನಾಚ್ಕೆ ಆಗ್ಲಿಲ್ವಾ?"

"ಬಿಡ್ರಪ್ಪಾ, ನಮ್ಮ ಭಾವ ಅಲ್ಲಿ..."

"ಬಿಡೋದೇನು, ಇದಕ್ಕೊಂದು ಉತ್ತರ ಹೇಳಿ ಹೋಗು! ಕಡ್ಡಾಯ ಮಾಡಿದ್ದು ಸರಿಯಾ ತಪ್ಪಾ?"

ಒಬ್ಬ ಬಲತೋಳು ಹಿಡಿದಿದ್ದ, ಇನ್ನೊಬ್ಬ ಎಡತೋಳು. ಅಷ್ಟು ದಿನ ಬೆಂಚಿನ ಮೇಲೆ ತೀರದ ವಾದವನ್ನು ಆ ಮಧ್ಯಾಹ್ನವೇ ತೀರಿಸಿಬಿಡಬೇಕು ಎಂದು ಎಲ್ಲರಿಗೂ ಹಟ ಬಂದಿತ್ತು. ಮೊಳೆಯಣ್ಣ ಕೊಸರಿಕೊಂಡು, ಸ್ಕ್ರೂಡ್ರೈವರು ತಂದು, ಬಾಗಿಲಿನ ಕೀಲುಗಳನ್ನು ಬಿಚ್ಚಿ, ಸ್ಟಿಕ್ಕರಿನ ಸಮೇತ ಇಡೀ ಬಾಗಿಲನ್ನೇ ತಲೆಯ ಮೇಲೆ ಹೊತ್ತು ನಡೆದ. ಹಿಂದೆ ಬಾಗಿಲಿಲ್ಲದ ಅಂಗಡಿಯ ಮುಂದೆ ವಾದ ನಡೆದೇ ಇತ್ತು.

ಬಾಗಿಲು ಹೊತ್ತವನಿಗೆ ಯಾವ ಬಸ್ಸೂ ನಿಲ್ಲುವುದಿಲ್ಲ. ನಡೆದೇ ಹೋದ. ದೊಡ್ಡಾಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಅದನ್ನು ಸ್ಟ್ರೆಚರು ಎಂದು ತಿಳಿದು, "ಅಬ್ಬಾ, ಕಡೆಗೂ ಒಂದು ಬಂತು," ಎಂದು ಕಾಲು ಮುರಿದ ಮುದುಕಿಯೊಬ್ಬಳನ್ನು ಅದರ ಮೇಲೆ ಮಲಗಿಸಿಯೇಬಿಟ್ಟ. ಮುದುಕಿ ಇಳಿಯಲು ಒಪ್ಪಲಿಲ್ಲ. ಕೊನೆಗೆ ಮುದುಕಿಯ ಸಮೇತ ಬಾಗಿಲನ್ನು ಕೌಂಟರಿಗೆ ತಂದರು. ಕೌಂಟರಿನವನು ಮುದುಕಿಯ ಕಾಲನ್ನು ಸ್ವಲ್ಪ ಸರಿಸಿ, ಸ್ಟಿಕ್ಕರಿನ ಮೇಲೆ ರದ್ದು ಎಂದು ಮೊಹರು ಹೊಡೆದ.

ಕಾರಿಡಾರಿನಲ್ಲಿ ಭಾವ ಗೋಡೆಗೆ ಒತ್ತಿಕೊಂಡು ಮಲಗಿದ್ದ. ಬೆಂಕಿಯಂಥ ಮೈ. ಅಕ್ಕ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ವಾರ್ಡಿನ ಆಳೊಬ್ಬ ಅವನ ಮುಂದೆ ಕೂತು ವಿಚಾರಿಸುತ್ತಿದ್ದ: "ಸೋಫಾ ಕೆಲಸದವರಂತಲ್ಲ, ನಮ್ಮ ಡಾಕ್ಟ್ರ ಕುರ್ಚಿ ಕುಸಿದುಹೋಗಿದೆ. ಹುಷಾರಾದ ಮೇಲೆ ಒಂದು ಕೈ ನೋಡ್ತೀರಾ?"

"ಹ್ಞೂಂ," ಎಂದ ಭಾವ.

ಆಮೇಲೆ ಮೊಳೆಯಣ್ಣನನ್ನು ಕಂಡು ಹತ್ತಿರ ಕರೆದ. ಕಾರಿಡಾರಿನ ಉದ್ದಕ್ಕೂ ಚಾಪೆಗಳು, ಬೆಂಚುಗಳ ಕೆಳಗೆ ಕಾಲುಗಳು, ಕೆಮ್ಮು.

"ಇವರೆಲ್ಲ ಯಾರೋ?"

"ಇಲ್ಲದವರು ಭಾವ."

"ಇಷ್ಟೊಂದು ಜನಾನಾ?" ಭಾವ ಬಹಳ ಹೊತ್ತು ನೋಡಿದ. "ನಾನು ಕಟ್ಟಿದ್ದು ಯಾವ ಮೂಲೆಗೂ ಸಾಕಾಗಿಲ್ಲ ಬಿಡು."

ಸ್ವಲ್ಪ ಹೊತ್ತಿನಲ್ಲೇ ಅವನನ್ನು ಒಳಗೆ ತೆಗೆದುಕೊಂಡು ಹೋದರು.

ಹೊತ್ತು ಇಳಿಯುವಾಗ ಕೌಂಟರಿನವನು ತಾನೇ ಎದ್ದು ಬಂದ. "ಸೋಫಾ ರಿಪೇರಿಯವರ ಕಡೆಯವರು?"

"ನಾನೇ," ಎಂದ ಮೊಳೆಯಣ್ಣ.

"ಹೊಟ್ಟೆ ಒಳಗೇ ಒಡೆದುಹೋಗಿತ್ತಂತೆ ಸಾರ್. ತುಂಬ ತಡವಾಗಿತ್ತು. ಹೋಗ್‌ಬಿಟ್ರು."

ಅಕ್ಕ ಎದ್ದು ನಿಂತಳು. ಅಳಲು ಬಾಯಿ ತೆರೆದವಳು ತಮ್ಮನ ಮುಖ ನೋಡಿದಳು. ತಮ್ಮ ಸತ್ತರೆ ಅಳುವ ಅಳು ಒಂದು, ಗಂಡ ಸತ್ತರೆ ಅಳುವ ಅಳು ಇನ್ನೊಂದು. ಯಾವುದನ್ನು ಅಳಬೇಕೆಂದು ಕಣ್ಣಲ್ಲೇ ಕೇಳುತ್ತಿದ್ದಳು.

"ಇದೊಂದು ಬರ್ಕೊಳ್ಬೇಕಮ್ಮ, ತಪ್ಪು ತಿಳ್ಕೋಬೇಡಿ," ಎಂದ ಕೌಂಟರಿನವನು. "ಸತ್ತವರು ನಿಮಗೇನಾಗ್ಬೇಕು?"

"ಗಂಡ."

"ತಮ್ಮ ಅಂತ ಬರೆಸಿದ್ದೀರಿ."

"ಗಂಡ."

ಕೌಂಟರಿನವನು ಮೊಳೆಯಣ್ಣನ ಕಡೆ ತಿರುಗಿ ದನಿ ತಗ್ಗಿಸಿದ. "ಯಜಮಾನ್ರು ನೀವಿದ್ದೀರಲ್ಲ, ಸ್ವಲ್ಪ ಸಮಾಧಾನ ಮಾಡಿ. ದುಃಖಕ್ಕೆ ಏನೇನೋ ಹೇಳ್ತಿದ್ದಾರೆ."

ಮೊಳೆಯಣ್ಣನ ಬಾಯಿ ಖಾಲಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು ತಲೆ ಅಲ್ಲಾಡಿಸಿ ಊಹೂಂ ಎಂದ.

"ಇಲ್ಲ ಸಾರ್. ಸೋಫಾ ರಿಪೇರಿಯವನು ನಾನು. ಸತ್ತಿರೋದು ನಾನಲ್ಲ. ಒಳಗಿರೋದು ನಮ್ಮ ಭಾವ, ನೀರಿನ ಕಛೇರಿಯವರು. ಹೋದ ವರ್ಷ ಅವರ ಕಾರ್ಡಿನಲ್ಲಿ ನನ್ನ ಹೊಟ್ಟೆ ಕೊಯ್ಸಿಕೊಂಡೆ. ನೋಡಿ, ಹೊಲಿಗೆ ನೋಡಿ. ಪೊಲೀಸರನ್ನ ಕರೀರಿ, ಜೈಲಿಗೆ ಹಾಕಿ, ಏನು ಬೇಕಾದ್ರೂ ಮಾಡಿ. ಹೆಸರೊಂದು ಸರಿ ಮಾಡಿ ಸಾರ್. ನಮ್ಮಕ್ಕ ಅಳ್ಬೇಕು."

ಅಂಗಿ ಎತ್ತಿಕೊಂಡು ನಿಂತವನನ್ನು ಕೌಂಟರಿನವನು ನೋಡಿದ. ಅವನು ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದ್ದೇನೆ. ಇಂಥ ಎಷ್ಟೋ ಸಾವು, ಎಷ್ಟೋ ಅಳು ಕಂಡವನು. ಮೆಲ್ಲಗೆ ಅಂಗಿಯನ್ನು ಕೆಳಗಿಳಿಸಿ, ಹೆಗಲ ಮೇಲೆ ಕೈಯಿಟ್ಟ.

"ಗೊತ್ತಾಗುತ್ತೆ ಸಾರ್. ಬೇಕಾದವರು ಹೋದಾಗ ಹಾಗೇನೇ. ಅವರ ಬದಲು ನಾವೇ ಹೋಗ್ಬೇಕಿತ್ತು ಅನ್ಸುತ್ತೆ." ಕೌಂಟರಿಗೆ ಕರೆದುಕೊಂಡು ಹೋಗಿ, ಕುರ್ಚಿ ಹಾಕಿ, ನೀರು ಕೊಟ್ಟು, ಪರದೆ ನೋಡಿದ. ಅವನ ಮುಖ ಸ್ವಲ್ಪ ಅರಳಿತು.

"ಮೇಲಿನ ಮಹಡೀಲಿ ಮನಸ್ಸಿನ ಡಾಕ್ಟ್ರಿದ್ದಾರೆ, ಒಂದು ಸಲ ತೋರಿಸ್ಕೊಂಡು ಹೋಗಿ. ಕ್ಯೂ ನಿಲ್ಲೋದೂ ಬೇಡ, ಏನೂ ಕೊಡೋದೂ ಬೇಡ. ನಿಮಗೆ ಇನ್ಶೂರೆನ್ಸ್ ಇದೆಯಲ್ಲ ಸಾರ್, ಎಲ್ಲಾ ಕವರ್ ಆಗುತ್ತೆ."